ರಕ್ತ ಕೊಡಲು ಮಿಲಾನಿಗೆ ಹೋದದ್ದು

ಬೇಗೂರು

ನಾನು ಊರು ನೋಡಲು ಇಟಲಿಗೆ ಹೋದವಳಲ್ಲ. ನನ್ನ ರಕ್ತ ಅಲ್ಲಿಗೆ ತಲುಪಬೇಕಿತ್ತು. ಅದು ನನ್ನ ಮೈಯೊಳಗೇ ಇದ್ದುಕೊಂಡು ಹೋಗಬೇಕು ಎಂದರು, ಹೋದೆ.

ತೊಂಬತ್ತೆಂಟನೇ ಇಸವಿ. ಅದರ ಹಿಂದಿನ ಬೇಸಿಗೆಯಲ್ಲಿ ನನ್ನ ತಂಗಿ ಮಾದೇವಿ ಒಂದು ದವಡೆ ಹಲ್ಲು ಕೀಳಿಸಿಕೊಂಡು ಬಂದು ಸತ್ತುಹೋದಳು. ಹೀಗೆ ಬರೆದರೆ ಓದುವವರಿಗೆ ನಂಬುವುದು ಕಷ್ಟ. ನಮಗೂ ಕಷ್ಟವಾಗಿತ್ತು. ಹಲ್ಲು ಕಿತ್ತ ಜಾಗದಲ್ಲಿ ರಕ್ತ ನಿಲ್ಲಲಿಲ್ಲ. ಹತ್ತಿ ಒತ್ತಿದೆವು, ಅರಿಶಿನ ಒತ್ತಿದೆವು, ಗುಂಡ್ಲುಪೇಟೆಗೆ ಕರೆದೊಯ್ದೆವು, ಅಲ್ಲಿಂದ ಮೈಸೂರಿಗೆ ಹೊರಟೆವು. ನಂಜನಗೂಡು ದಾಟುವಾಗ ನನ್ನ ಕೈಯಲ್ಲಿದ್ದ ಅವಳ ಕೈ ತಣ್ಣಗಾಯಿತು.

ಅವಳ ಮಗಳು ಭಾಗ್ಯಳಿಗೆ ಆಗ ಐದು ವರ್ಷ. ಅವಳಪ್ಪ ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿದ್ದ, ಮಗು ನನ್ನ ಮತ್ತು ಅವ್ವನ ಬಳಿ ಬೆಳೆಯುತ್ತಿತ್ತು. ಅದಕ್ಕೆ ಗಂಟಲಲ್ಲಿ ಟಾನ್ಸಿಲ್ ಊದಿಕೊಂಡು, ಮಲಗಿದಾಗ ಉಸಿರು ಕಟ್ಟುತ್ತಿತ್ತು. ಆಪರೇಷನ್ ಆಗಲೇಬೇಕು. ಆದರೆ ಮೂಗಿನಲ್ಲಿ ಆಗಾಗ ರಕ್ತ ಬರುತ್ತಿತ್ತು, ಸಣ್ಣದಾಗಿ ತಾಗಿದರೂ ಮೈ ಕಪ್ಪುಗಟ್ಟುತ್ತಿತ್ತು, ಮಾದೇವಿಯ ಹಾಗೆ, ನನ್ನ ಹಾಗೆ. ಮೈಸೂರಿನ ಸರ್ಜನ್ ಕೈ ಜೋಡಿಸಿಬಿಟ್ಟರು. "ರಕ್ತ ಯಾಕೆ ನಿಲ್ಲೋದಿಲ್ಲ, ಏನು ಕೊಟ್ಟರೆ ನಿಲ್ಲುತ್ತೆ, ಅಷ್ಟು ತಿಳ್ಕೊಂಡು ಬನ್ನಿ. ಆಮೇಲೆ ನಾನು ಕತ್ತರಿ ಹಿಡೀತೀನಿ."

ಅದನ್ನು ತಿಳಿಯಲು ನಾನು ಮೈಸೂರಿನಲ್ಲೇ ಇದ್ದ ರಕ್ತದ ಡಾಕ್ಟರಮ್ಮನವರ ಬಳಿ ಹೋದೆ. ಅವರು ಮಿಲಾನ್ ನಗರದಲ್ಲಿ ಓದಿ ಬಂದವರು. ಗಾಯವಾದಾಗ ರಕ್ತದಲ್ಲಿರುವ ಪ್ಲೇಟ್‌ಲೆಟ್ ಎಂಬ ಸಣ್ಣ ಕಣಗಳು ಒಂದಕ್ಕೊಂದು ಅಂಟಿಕೊಂಡು ತೂತು ಮುಚ್ಚುತ್ತವೆ. ನಮ್ಮ ಮನೆಯವರಲ್ಲಿ ಕಣಗಳ ಲೆಕ್ಕ ಸರಿಯಿದೆ, ಅವು ಅಂಟಿಕೊಳ್ಳುತ್ತಿಲ್ಲ ಎಂದರು. ಯಾಕೆ ಎನ್ನುವುದನ್ನು ಅವರ ಗುರುಗಳ ಪ್ರಯೋಗಶಾಲೆಯಲ್ಲಿ ಕಂಡುಹಿಡಿಯಬಹುದು. ಮಗುವಿನಿಂದ ಅಷ್ಟು ರಕ್ತ ತೆಗೆಯಲಾಗದು, ಅದೇ ವಂಶದ ದೊಡ್ಡವರು ಬೇಕು. ಖರ್ಚು ಆ ಪ್ರಯೋಗಶಾಲೆಯವರದೇ.

ಅವ್ವ ಕೇಳಿದಳು. "ಬಾಟ್ಲೀಲಿ ತುಂಬಿ ಕಳ್ಸಿದ್ರೆ ಆಗಕಿಲ್ವಾ? ಅಷ್ಟು ದೂರ ನೀನ್ಯಾಕ್ ಓಗ್ಬೇಕಮ್ಮಿ?"

"ಐಸಲ್ಲಿಟ್ರೆ ಆ ಕಣ ಕೆಟ್ಟೋಯ್ತವಂತೆ ಕಣವ್ವ. ಐಸಿಲ್ದೆ ಇಟ್ರೂ ಸಾಯಂಕಾಲದೊಳಗೆ ಕೆಲ್ಸಕ್ ಬರಕಿಲ್ವಂತೆ."

"ಹಾಲ್ಗಿಂತ ಕಡೆ ಆಯ್ತಲ್ಲ."

ನಾನು ಊರಿನ ಡೇರಿಯಲ್ಲಿ ಹಾಲು ಅಳೆದುಕೊಳ್ಳುವ ಕೆಲಸದವಳು. ಅವ್ವನಿಗೆ ಅದಕ್ಕಿಂತ ಸುಲಭವಾಗಿ ಹೇಳುವ ದಾರಿ ನನಗೂ ತೋಚಲಿಲ್ಲ. ದೀಪಾವಳಿ ಮುಗಿದ ಮೇಲೆ ಹೊರಟೆ. ಅವ್ವ ಹುರಿಹಿಟ್ಟು, ಹುಚ್ಚೆಳ್ಳು ಚಟ್ನಿಪುಡಿ, ಎರಡು ಸ್ವೆಟರು ಕಟ್ಟಿಕೊಟ್ಟಳು. ಅಳಲಿಲ್ಲ. "ಏನು ಅಂತ ಗೊತ್ಮಾಡ್ಕಂಡೇ ಬಾ" ಅಂದಳು, ಅಷ್ಟೆ.

ವಿಮಾನ

ವಿಮಾನದ ಬಗ್ಗೆ ಬರೆಯಲು ನನ್ನಲ್ಲಿ ಹೆಚ್ಚಿಲ್ಲ. ಕಿಟಕಿಯಾಚೆ ಕತ್ತಲೆ. ಪಕ್ಕದಲ್ಲಿ ಕೂತಿದ್ದ ಗುಜರಾತಿ ಅಜ್ಜಿ ಬೆಲ್ಟು ಬಿಚ್ಚುವುದು ಗೊತ್ತಾಗದೆ ಬೊಂಬಾಯಿಂದ ಮಿಲಾನಿನವರೆಗೂ ಕೂತಲ್ಲೇ ಇದ್ದರು. ನನಗೂ ಬಿಚ್ಚಲು ಬಾರದು ಎಂದು ಹೇಳಿಕೊಳ್ಳಲು ನಾಚಿಕೆಯಾಗಿ ನಾನೂ ಕೂತೇ ಇದ್ದೆ. ಇಳಿಯುವಾಗ ಗಗನಸಖಿ ಬಂದು ಇಬ್ಬರನ್ನೂ ಬಿಡಿಸಿದಳು. ಅಜ್ಜಿ ನನ್ನ ಮುಖ ನೋಡಿ ನಕ್ಕರು. ಮಾದೇವಿ ಹೋದ ಮೇಲೆ ನಾನು ನಕ್ಕಿದ್ದು ಆವತ್ತೇ ಮೊದಲು.

ತಲೆ ಸಿಡಿಯುತ್ತಿತ್ತು.

ಮಿಲಾನ್, ಆಸ್ಪತ್ರೆ

ಮಂಜು ಅಂದರೆ ನಮಗೆ ಗೋಪಾಲಸ್ವಾಮಿ ಬೆಟ್ಟದ ಮೇಲಿನದು. ಹತ್ತಿ ಹೋದರೆ ಸಿಗುತ್ತದೆ, ಇಳಿದರೆ ಮುಗಿಯಿತು. ಮಿಲಾನಿನ ಮಂಜು ರಸ್ತೆಯ ಮೇಲೇ ಇರುತ್ತದೆ. ಅದರೊಳಗಿಂದ ಟ್ರಾಮ್ ಎಂಬ ಬೀದಿಯ ರೈಲು ಗಂಟೆ ಹೊಡೆಯುತ್ತ ಬರುತ್ತದೆ, ಜನ ಹೆದರದೆ ಅದರ ಮುಂದೆಯೇ ದಾಟುತ್ತಾರೆ. ಮೂಲೆಗಳಲ್ಲಿ ಕೆಂಡದ ಮೇಲೆ ಯಾವುದೋ ಕಾಯಿ ಸುಟ್ಟು, ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುತ್ತಾರೆ. ಬಾಯಿಗೆ ಹಾಕಿಕೊಂಡರೆ ಬೇಯಿಸಿದ ಗೆಣಸಿನ ರುಚಿ.

ಆಸ್ಪತ್ರೆಯಲ್ಲಿ ನನಗಾಗಿ ಒಬ್ಬರು ಕಾಯುತ್ತಿದ್ದರು. ಬಿಳಿ ಉಡುಪಿನ ಕ್ರೈಸ್ತ ಸನ್ಯಾಸಿನಿ, ಅಲ್ಲೇ ನರ್ಸು, ಹೆಸರು ಲಿಸಿ. ಊರು ನಮ್ಮ ಕಾಡಿನ ಆಚೆ ಬದಿಯ, ಕೇರಳದ ಸುಲ್ತಾನ್ ಬತ್ತೇರಿ. ಗಡಿಯವರಾದ್ದರಿಂದ ಕನ್ನಡ ಬರುತ್ತಿತ್ತು, ನನ್ನನ್ನು ಮಾತ್ರ ಮಲಯಾಳದಲ್ಲಿ ಮೋಳೆ, ಅಂದರೆ ಮಗಳೇ, ಎಂದೇ ಕರೆದರು.

"ಗುಂಡ್ಲುಪೇಟೆಯಾ ಮೋಳೆ? ನಮ್ಮ ಅಪ್ಪಚ್ಚನ್ ಲಾರಿಯಲ್ಲಿ ಅಲ್ಲಿಂದ ಟೊಮೇಟೊ ತರ್ತಿದ್ರು. ಅರ್ಧ ಕೊಳೆತದ್ದು. ನಿಮ್ಮವರು ಒಳ್ಳೇದನ್ನ ಮೇಲೆ ಇಟ್ಟು ಕೊಡೋದು."

"ನಿಮ್ಮವರು ಚೌಕಾಸಿ ಮಾಡೋದಕ್ಕೆ ಅಂಗೆ ಮಾಡ್ತಾರೆ ಸಿಸ್ಟರ್" ಅಂದೆ. ಅಲ್ಲಿಂದ ಮುಂದೆ ನಾವಿಬ್ಬರೂ ಚೆನ್ನಾಗಿದ್ದೆವು.

ಪ್ರೊಫೆಸರರು ವಯಸ್ಸಾದವರು, ಎತ್ತರದವರು, ಕೈಯಾಡಿಸದೆ ಒಂದು ಮಾತೂ ಆಡಲಾರರು. ನಾನು ನಮಸ್ಕಾರ ಮಾಡಿದರೆ ಅವರು ನನ್ನ ಎರಡೂ ಕೈ ಹಿಡಿದು ಕುಲುಕಿದರು. ಅವರ ಮಾತನ್ನು ಸಿಸ್ಟರ್ ಲಿಸಿ ಕನ್ನಡಕ್ಕೆ ಇಳಿಸಿದರು. ಈಚೆಗೆ ಏನಾದರೂ ಔಷಧಿ ತೆಗೆದುಕೊಂಡಿದ್ದೀರಾ? ಇಲ್ಲ ಎಂದೆ. ಮೈಸೂರಿನ ಡಾಕ್ಟರಮ್ಮನವರೂ ಏನೂ ತೆಗೆದುಕೊಳ್ಳಬಾರದು ಎಂದಿದ್ದರು, ನಾನು ತೆಗೆದುಕೊಂಡಿರಲಿಲ್ಲ.

ರಕ್ತ ತೆಗೆದರು. ಅದನ್ನು ಯಂತ್ರದಲ್ಲಿ ತಿರುಗಿಸಿದಾಗ ಕೆಂಪೆಲ್ಲ ತಳಕ್ಕಿಳಿದು, ಮೇಲೆ ಹಳದಿ ನೀರು ನಿಂತಿತು. ನೀರು ಮಬ್ಬಾಗಿತ್ತು, ಕಣಗಳು ತೇಲುತ್ತಿರುವುದಕ್ಕೆ ಹಾಗೆ. ಅದರೊಳಗೆ ಬೆಳಕು ಹಾಯಿಸುತ್ತಾರೆ. ಗಾಯವಾದಾಗ ಮೈಯಲ್ಲಿ ಹುಟ್ಟುವ ರಸಗಳಲ್ಲಿ ಒಂದನ್ನು ಒಂದು ತೊಟ್ಟು ಬಿಡುತ್ತಾರೆ. ಕಣಗಳು ಅಂಟಿಕೊಂಡು ಗಂಟುಗಂಟಾದರೆ ನೀರು ತಿಳಿಯಾಗಿ ಬೆಳಕು ದಾಟುತ್ತದೆ, ಯಂತ್ರದ ಪೆನ್ನು ಕಾಗದದ ಮೇಲೆ ಗೆರೆ ಎಳೆಯುತ್ತ ಮೇಲೇರುತ್ತದೆ. ನನಗೆ ಕೂಡಲೇ ಅರ್ಥವಾಯಿತು. ಹಾಲು ಒಡೆದರೆ ಮೇಲಿನ ನೀರು ತಿಳಿಯಾಗುವ ಹಾಗೆ. ಡೇರಿಯಲ್ಲಿ ನಾವು ಒಡೆಯಬಾರದೆಂದು ನೋಡುತ್ತೇವೆ, ಇಲ್ಲಿ ಒಡೆಯಲಿ ಎಂದು ಕಾಯುತ್ತಾರೆ.

ಹೋಲಿಸಿ ನೋಡಲು ತೆಗೆದಿದ್ದ, ಅಲ್ಲೇ ಕೆಲಸ ಮಾಡುವ ಒಬ್ಬ ಹುಡುಗಿಯ ರಕ್ತದ ಗೆರೆ ಬೆಟ್ಟದ ಹಾಗೆ ಏರಿತು. ನನ್ನದು ಸ್ವಲ್ಪ ಎದ್ದು ಮಲಗಿಬಿಟ್ಟಿತು. ಅದನ್ನು ಅವರು ನಿರೀಕ್ಷಿಸಿಯೇ ಇದ್ದರು. ಆದರೆ ಬೇರೊಂದು ರಸ ಹಾಕಿದಾಗ ಗೆರೆ ಅಲುಗಾಡಲೇ ಇಲ್ಲ. ಪ್ರೊಫೆಸರರ ಕೈಗಳು ಮೊದಲ ಸಲ ಸುಮ್ಮನಾದವು. ಅವರು ಲಿಸಿಯಿಂದ ಮತ್ತೆ ಕೇಳಿಸಿದರು. ತಲೆನೋವಿಗೆ, ಮೈಕೈ ನೋವಿಗೆ ಏನಾದರೂ?

"ಅಂಗಡಿ ಮಾತ್ರೆ ತಗೊಂಡೆ, ದಿನಾ ತಗೊಳೋ ಹಾಗೆ" ಅಂದೆ.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಬೀಡಿ, ಬೆಂಕಿಪೊಟ್ಟಣದ ಪಕ್ಕದಲ್ಲಿ ನೇತಾಡುವ ಆ ಮಾತ್ರೆಯನ್ನು ಯಾರೂ ಔಷಧಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊಲದಿಂದ ಬಂದವರು ಟೀ ಜೊತೆ ಒಂದು ನುಂಗುತ್ತಾರೆ. ನೆಂಟರು ಬಂದು ತಲೆ ಹಿಡಿದುಕೊಂಡರೆ ಟೀ ಲೋಟದ ಪಕ್ಕ ಮಾತ್ರೆ ಇಟ್ಟು ಕೊಡುವುದು ಮರ್ಯಾದೆ. ಅವ್ವ ಸೀರೆ ಸೆರಗಿನಲ್ಲಿ ಗಂಟು ಹಾಕಿಕೊಂಡಿರುತ್ತಿದ್ದಳು. ನನ್ನ ಚೀಲದಲ್ಲೂ ಹುರಿಹಿಟ್ಟಿನ ಜೊತೆ ಇಟ್ಟಿದ್ದಳು.

ಚೀಲದಿಂದ ತೆಗೆದು ತೋರಿಸಿದೆ. ಪ್ರೊಫೆಸರರು ಹಿಂಭಾಗ ಓದಿ, "ಆಸ್ಪಿರಿನ್" ಎಂದರು. ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ನನ್ನ ಮುಂದೆ ಕೂತರು. ಸಿಸ್ಟರ್ ಲಿಸಿ ಅವರ ಮಾತನ್ನು ತುಂಡುತುಂಡಾಗಿ ಹೇಳಿದರು.

"ಒಂದು ಕಣ ಎಚ್ಚರ ಆದ್ರೆ ಪಕ್ಕದ ಕಣವನ್ನ ಕೂಗಿ ಎಬ್ಬಿಸೋದು. ಈ ಮಾತ್ರೆ ಆ ಕೂಗನ್ನ ನಿಲ್ಲಿಸ್ತದೆ. ಒಂದು ಸಲ ನಿಂತ್ರೆ ಆ ಕಣ ಸಾಯೋವರೆಗೂ ಕೂಗೋದಿಲ್ಲ. ಹೊಸ ಕಣ ಹುಟ್ಟಬೇಕು. ಹತ್ತು ದಿವಸ ಕಾಯ್ಬೇಕು ಮೋಳೆ. ಈಗ ನೋಡಿದ್ರೆ ನಿನ್ನ ವಂಶದ ದೋಷ ಯಾವುದು, ಮಾತ್ರೆಯ ದೋಷ ಯಾವುದು, ತಿಳಿಯಲ್ಲ."

"ಒಳ್ಳೆ ರಕ್ತದವರು ತಗೊಂಡ್ರೆ?"

ಪ್ರೊಫೆಸರರು ಭುಜ ಕುಣಿಸಿದರು. ಸಾಮಾನ್ಯರಿಗೆ ಅಷ್ಟೇನೂ ಆಗದು.

"ನಮ್ಮಂಥವರು ತಗೊಂಡು, ಆಮೇಲೆ ಹಲ್ಲು ಕೀಳಿಸಿದ್ರೆ?"

ಸಿಸ್ಟರ್ ಲಿಸಿ ಇದನ್ನು ಇಟಾಲಿಯನ್ನಿಗೆ ತಿರುಗಿಸುವ ಮೊದಲು ನನ್ನನ್ನು ನೋಡಿದರು. ಪ್ರೊಫೆಸರರು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡೇ ಉತ್ತರ ಹೇಳಿದರು. ಆ ಉತ್ತರವನ್ನು ಕನ್ನಡದಲ್ಲಿ ಕೇಳುವ ಅಗತ್ಯ ನನಗೆ ಬೀಳಲಿಲ್ಲ. ಮಾದೇವಿ ಹಲ್ಲುನೋವು ಎಂದು ವಾರಗಟ್ಟಲೆ ನರಳಿದ್ದಳು. ಬೆಳಗ್ಗೆ, ಸಂಜೆ ಟೀ ಲೋಟದ ಪಕ್ಕದಲ್ಲಿ ಅವ್ವ ಮಾತ್ರೆ ಇಟ್ಟು ಕೊಡುತ್ತಿದ್ದಳು.

ಸಿನ್ಯೋರಾ ಮನೆ

ಹತ್ತು ದಿನಕ್ಕೆ ನನ್ನನ್ನು ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಬ್ಬ ವಿಧವೆಯ ಮನೆಯಲ್ಲಿ ಬಿಟ್ಟರು. ಹೆಸರು ತೆರೇಸಾ, ಎಲ್ಲರೂ ಸಿನ್ಯೋರಾ ಅನ್ನುತ್ತಿದ್ದರು, ಅಮ್ಮಾವ್ರೇ ಎಂದ ಹಾಗೆ. ಅವರಿಗೆ ಬರುತ್ತಿದ್ದ ಇಂಗ್ಲಿಷು ನನಗಿಂತ ಕಡಿಮೆ. ನನ್ನದೂ ಹತ್ತನೇ ತರಗತಿಯದು. ಹಾಗಾಗಿ ಅವರು ಇಟಾಲಿಯನ್ನಿನಲ್ಲೂ ನಾನು ಕನ್ನಡದಲ್ಲೂ ಮಾತಾಡಿದೆವು, ಕೆಲಸ ನಿಲ್ಲಲಿಲ್ಲ.

ಆ ಹೆಂಗಸು ಎಲ್ಲಕ್ಕೂ ಇಸ್ತ್ರಿ ಹಾಕುತ್ತಿದ್ದರು. ಹಾಸಿಗೆ ಬಟ್ಟೆಗೆ, ಒಳಗೆ ಹಾಕುವ ಬಟ್ಟೆಗೆ, ಪಾತ್ರೆ ಒರೆಸುವ ಬಟ್ಟೆಗೆ. ನನ್ನ ಸೀರೆ ಎತ್ತಿಕೊಂಡು ಹೋದವರು, ಅದು ಮುಗಿಯುವುದೇ ಇಲ್ಲವೆಂದು ಕಂಡು ನಡುವೆ ಕಾಫಿ ಕುಡಿದು ಬಂದರು. ಕಾಫಿ ಅಂದರೆ ನಮ್ಮ ತೀರ್ಥದಷ್ಟು. ಅದನ್ನು ಅಂಗಡಿಗಳಲ್ಲಿ ಜನ ನಿಂತೇ ಕುಡಿದು ಓಡುತ್ತಾರೆ. ಊಟಕ್ಕೆ ಮಾತ್ರ ಅವರ ಹತ್ತಿರ ದಿನವೆಲ್ಲ ಹೊತ್ತಿದೆ.

ಒಂದು ಮಧ್ಯಾಹ್ನ ಅವರು ತಾಮ್ರದ ಪಾತ್ರೆಯಲ್ಲಿ ನೀರು ಕುದಿಸಿ, ಮುಸುಕಿನ ಜೋಳದ ಹಳದಿ ಹಿಟ್ಟು ಸುರಿದು, ಉದ್ದನೆಯ ಕೋಲಿನಿಂದ ತಿರುವತೊಡಗಿದರು. ನಾನು ನೋಡುತ್ತ ನಿಂತೆ. ಮುದ್ದೆ. ಕೋಲು ಹಿಡಿಯುವ ರೀತಿ, ತಳ ಹಿಡಿಯದಂತೆ ಮೊಣಕೈ ಎತ್ತುವ ರೀತಿ, ಎಲ್ಲ ಒಂದೇ. ನಾನು ಕೋಲು ಇಸಕೊಂಡು ಪಾತ್ರೆಯನ್ನು ಪಾದಗಳ ನಡುವೆ ಇಟ್ಟುಕೊಳ್ಳಲು ಕೆಳಗಿಳಿಸಿದೆ. ಅವರು ಬೇಡ ಬೇಡ ಎಂದು ಕೂಗಿಕೊಂಡರು, ನಾನು ತಿರುವಿ ತೋರಿಸಿದ ಮೇಲೆ ಸುಮ್ಮನಾದರು. ಆಮೇಲೆ ಅದನ್ನು ಮರದ ಹಲಗೆಯ ಮೇಲೆ ಬೋರಲು ಹಾಕಿ, ನೂಲಿನಿಂದ ಕತ್ತರಿಸಿದರು. ನಾನು ಮುರಿದು ಚಟ್ನಿಪುಡಿಗೆ ಅದ್ದಿ ನುಂಗಿದೆ. ನಾನು ಅಗಿಯದೇ ಇದ್ದದ್ದು ಅವರಿಗೆ ಹೇಗೆ ಕಂಡಿತೋ, ನೀರಿನ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದರು.

ಆ ಋಣಕ್ಕೆ ಏನಾದರೂ ಕೊಡೋಣವೆಂದು ಮಾರನೆಯ ದಿನ ಬೀದಿಗಿಳಿದೆ. ಎಲ್ಲಿ ನೋಡಿದರೂ ಸೇವಂತಿಗೆ. ನಮ್ಮ ಕಡೆ ಹೊಲದಲ್ಲಿ ಬೆಳೆಯುವ ಹೂವು, ಆ ಮಂಜಿನಲ್ಲಿ ಹಳದಿಯಾಗಿ ಉರಿಯುತ್ತಿತ್ತು. ದೊಡ್ಡ ಕಟ್ಟು ಕೊಂಡೆ. ಒಂದನ್ನು ಮುರಿದು ಜಡೆಗೆ ಸಿಕ್ಕಿಸಿಕೊಂಡೆ. ಟ್ರಾಮಿನಲ್ಲಿ ಎದುರಿಗೆ ಕೂತಿದ್ದ ಮುದುಕ ನನ್ನನ್ನು ನೋಡಿ ಹ್ಯಾಟು ತೆಗೆದು ಎದೆಗಿಟ್ಟುಕೊಂಡ. ಒಳ್ಳೆಯ ಜನ ಎಂದುಕೊಂಡೆ.

ಬಾಗಿಲು ತೆಗೆದ ಸಿನ್ಯೋರಾ ಹೂವು ಕಂಡು ಒಂದು ಹೆಜ್ಜೆ ಹಿಂದೆ ಸರಿದರು. ಫೋನ್ ಮಾಡಿ ಸಿಸ್ಟರ್ ಲಿಸಿಯನ್ನು ಕರೆಸಿದರು. ಲಿಸಿ ಬಂದವರು ನನ್ನ ಜಡೆ ನೋಡಿ ಗೋಡೆ ಹಿಡಿದು ನಕ್ಕರು.

"ಮೋಳೆ, ಇಲ್ಲಿ ಈ ಹೂವು ಸತ್ತವರಿಗೆ ಮಾತ್ರ. ನೀ ಇವರ ಮನೆಗೆ ಸಾವಿನ ಹೂವು ತಂದು, ನಿನ್ನ ತಲೆಗೂ ಮುಡಿದಿದ್ದೀ."

"ನಮ್ಮಲ್ಲಿ ದೇವರಿಗೆ ಹಾಕ್ತೀವಿ, ಮದುವೆ ಹೆಣ್ಣಿಗೆ ಮುಡಿಸ್ತೀವಿ, ಸತ್ತವರಿಗೂ ಹಾಕ್ತೀವಿ" ಅಂದೆ. "ಒಂದೇ ಹೂವು, ಎಲ್ಲದಕ್ಕೂ."

ಲಿಸಿ ಅದನ್ನು ತಿರುಗಿಸಿ ಹೇಳಿದರು. ಸಿನ್ಯೋರಾ ನನ್ನ ಕೈಯಿಂದ ಕಟ್ಟು ತೆಗೆದುಕೊಂಡು ನೀರಿಗಿಟ್ಟರು. ಜಡೆಯಲ್ಲಿದ್ದದ್ದನ್ನು ತೆಗೆಯಲು ಹೇಳಲಿಲ್ಲ.

ಸ್ಮಶಾನ

ನವೆಂಬರ್ ಎರಡು ಅವರಿಗೆ ಸತ್ತವರ ದಿನ. ಸಿನ್ಯೋರಾ ನನ್ನನ್ನೂ ಲಿಸಿಯನ್ನೂ ಕರೆದುಕೊಂಡು ಹೋದರು. ನಮ್ಮ ಮನೆಯವರೂ ಮಣ್ಣು ಮಾಡುವವರೇ, ಆದರೆ ಮಣ್ಣಾದ ಜಾಗಕ್ಕೆ ನಾವು ಹೀಗೆ ಮಕ್ಕಳುಮರಿ ಸಮೇತ ಹೋಗುವುದಿಲ್ಲ. ಅಲ್ಲಿ ಸಂತೆಯಷ್ಟು ಜನ. ಪ್ರತಿಯೊಂದು ಕಲ್ಲಿನ ಮೇಲೂ ಸತ್ತವರ ಫೋಟೋ, ಗಾಜು ಹಾಕಿ ಕೂರಿಸಿದ್ದಾರೆ. ಸಿನ್ಯೋರಾ ಕರವಸ್ತ್ರ ಒದ್ದೆ ಮಾಡಿ ಗಂಡನ ಮುಖ ಒರೆಸಿದರು. ಕರವಸ್ತ್ರಕ್ಕೆ ಇಸ್ತ್ರಿಯಾಗಿತ್ತು.

ನಾನು ತಂದಿದ್ದ ಹೂವನ್ನು ಅವರು ಗಂಡನಿಗೆ ಇಟ್ಟರು. ಮೂರನ್ನು ಉಳಿಸಿ ನನಗೆ ಕೊಟ್ಟರು. ಯಾರಿಗೆ ಎಂದು ಹೇಳಲಿಲ್ಲ, ಕೇಳಲೂ ಇಲ್ಲ. ಪಕ್ಕದಲ್ಲಿ ಹೂವಿಲ್ಲದ ಒಂದು ಕಲ್ಲಿತ್ತು, ಫೋಟೋದಲ್ಲಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವಳಿಗಿಟ್ಟೆ. ಒಂದೂವರೆ ವರ್ಷದಿಂದ ಹಿಡಿದುಕೊಂಡಿದ್ದ ಅಳು ಅಲ್ಲಿ ಬಂತು. ಸುತ್ತ ಎಲ್ಲರೂ ಅದೇ ಕೆಲಸಕ್ಕೆ ಬಂದಿದ್ದರಿಂದ ಯಾರೂ ತಿರುಗಿ ನೋಡಲಿಲ್ಲ.

ವಾಪಸು ಬರುವಾಗ ಲಿಸಿಯನ್ನು ಕೇಳಿದೆ. "ಅವ್ವಂಗೆ ಈ ಮಾತ್ರೆ ವಿಷಯ ಹೇಳ್ಬೇಕಾ ಸಿಸ್ಟರ್?"

"ಮಗು ಯಾರ ಹತ್ರ ಇರೋದು?"

"ನಾನು ಡೇರಿಗೆ ಹೋದಾಗೆಲ್ಲ ಅವ್ವನ ಹತ್ರ."

ಅವರು ಟ್ರಾಮಿನಲ್ಲಿ ನನ್ನ ಕೈಮೇಲೆ ಕೈಯಿಟ್ಟುಕೊಂಡೇ ಕೂತಿದ್ದರು.

ಮತ್ತೆ ಆಸ್ಪತ್ರೆ

ಈ ಸಲ ರಕ್ತ ಕೊಡುವಾಗ ನಾನು ಸೂಜಿಯ ಕಡೆಯೇ ನೋಡುತ್ತಿದ್ದೆ. ಹೊಸ ಕಣಗಳು ಹುಟ್ಟಿದ್ದವು. ಕಳೆದ ಸಲ ಅಲುಗಾಡದಿದ್ದ ಗೆರೆ ಈಗ ಸ್ವಲ್ಪ ತಲೆಯೆತ್ತಿತು, ಆದರೆ ಬೆಟ್ಟವಾಗಲಿಲ್ಲ. ಅವರು ಮೂರು ದಿನ ಏನೇನೋ ರಸ ಹಾಕಿ, ಕಣಗಳನ್ನು ಒಡೆದು ನೋಡಿದರು. ಕೊನೆಗೆ ಪ್ರೊಫೆಸರರು ನನ್ನನ್ನು ಆಸ್ಪತ್ರೆಯ ಗೇಟಿಗೇ ಕರೆದುಕೊಂಡು ಹೋದರು. ಕರೆಗಂಟೆ ಒತ್ತಿದರು. ಗೂಡಿನಲ್ಲಿ ಕೂತಿದ್ದ ಕಾವಲುಗಾರ ಎದ್ದು ನಿಂತ. ಅವನನ್ನೇ ತೋರಿಸಿ ಹೇಳಿದರು, ಲಿಸಿ ಕನ್ನಡಿಸಿದರು.

"ಕಣದ ಹೊರಗೆ ಗಂಟೆ ಉಂಟು. ನಿಮ್ಮದು ಸರಿಯುಂಟು. ಒಳಗೆ ಕೆಲಸ ಮಾಡೋರು ಉಂಟು, ಅವರೂ ಸರಿ. ಗಂಟೆ ಕೇಳಿ ಒಳಗೆ ಓಡಿಹೋಗಿ ಹೇಳೋ ಆಳು ಒಬ್ಬ ಬೇಕಲ್ಲ, ಅವನಿಗೆ ಜಿ ಪ್ರೋಟೀನ್ ಅಂತ ಹೆಸರು. ಅವನಲ್ಲಿ ಬೇರೆ ಬೇರೆ ಜಾತಿ. ನಿಮ್ಮ ಕಣಗಳಲ್ಲಿ ಒಂದು ಜಾತಿಯ ಆಳು ತುಂಬಾ ಕಡಿಮೆ. ಹತ್ತು ಜನ ಇರಬೇಕಾದಲ್ಲಿ ಇಬ್ಬರೋ ಮೂವರೋ. ಸುದ್ದಿ ನಿಧಾನಕ್ಕೆ ಹೋಗ್ತದೆ. ಅಷ್ಟರಲ್ಲಿ ರಕ್ತ ಹೋಗ್ತದೆ."

"ಆ ಆಳನ್ನ ಹೆಚ್ಚು ಮಾಡೋಕಾಗುತ್ತಾ?"

ಆಗದು. ಆದರೆ ಕೈ ಕಟ್ಟಿ ಕೂರಬೇಕಿಲ್ಲ ಎಂದರು. ನನ್ನ ಮುಂಗೈ ಮೇಲ್ಭಾಗದಲ್ಲಿ ಸಣ್ಣದಾಗಿ ಗೀರಿ, ಒತ್ತುಕಾಗದದಿಂದ ರಕ್ತ ಹೀರುತ್ತ, ನಿಲ್ಲುವವರೆಗೆ ನೋಡಿದರು. ಬಹಳ ಹೊತ್ತಾಯಿತು. ಮರುದಿನ ನರಕ್ಕೆ ಒಂದು ಔಷಧಿ ಇಳಿಸಿ, ಇನ್ನೊಂದು ಕಡೆ ಗೀರಿದರು. ನಾನು ಕಾಗದವನ್ನೇ ನೋಡಿದೆ. ಕೆಂಪು ಚುಕ್ಕೆಗಳು ಒಂದಕ್ಕಿಂತ ಒಂದು ಸಣ್ಣದಾಗುತ್ತ ಬಂದು, ನಿಂತವು. ಪ್ರೊಫೆಸರರು ಎರಡೂ ಕೈ ಮೇಲೆತ್ತಿದರು. ಆಪರೇಷನ್ನಿಗೆ ಮೊದಲು ಈ ಔಷಧಿ, ಬೇರೆಯವರ ಕಣಗಳನ್ನು ತೆಗೆದು ಪಕ್ಕದಲ್ಲಿ ತಯಾರಾಗಿಟ್ಟಿರಬೇಕು, ಆಸ್ಪಿರಿನ್ ಎಂದೆಂದಿಗೂ ಕೂಡದು. ಮೈಸೂರಿನ ಡಾಕ್ಟರಮ್ಮನಿಗೆ ಎಲ್ಲ ಬರೆದುಕೊಟ್ಟರು.

ಹೊರಡುವ ದಿನ ಸಿನ್ಯೋರಾ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟರು. ನಮ್ಮಲ್ಲಿ ಆ ಪದ್ಧತಿಯಿಲ್ಲ, ನಾನು ಕಾಲು ಮುಟ್ಟಿದೆ. ಅವರಲ್ಲಿ ಆ ಪದ್ಧತಿಯಿಲ್ಲ, ಏನೋ ಬಿದ್ದಿದೆಯೆಂದು ಅವರೂ ಬಗ್ಗಿ ಹುಡುಕಿದರು.

ಮತ್ತೆ ಬೇಗೂರು

ಅವ್ವ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ಭಾಗ್ಯ ಸಿಪ್ಪೆಯಲ್ಲಿ ಆಡುತ್ತಿತ್ತು. ಗೇಟಿನ ಆಳಿನ ಕತೆ, ಔಷಧಿಯ ಕತೆ ಹೇಳಿದೆ. ಅವ್ವನಿಗೆ ಸಮಾಧಾನವಾಯಿತು.

"ಇನ್ನೊಂದು ಕಣವ್ವ. ಮಗೀಗೆ ಅಂಗಡಿ ಮಾತ್ರೆ ಯಾವತ್ತೂ ಕೊಡ್ಬೇಡ. ಅರ್ಧ ಮುರ್ದೂ ಕೊಡ್ಬೇಡ. ಅದ್ರಲ್ಲಿ ಆಸ್ಪಿರಿನ್ ಅಂತ ಅದೆ, ಅದು ರಕ್ತ ನಿಲ್ಲಕ್ಕೆ ಬುಡಕಿಲ್ಲ."

ಅವ್ವನ ಕೈ ಇನ್ನೂ ನಾಲ್ಕು ಕಾಯಿ ಬಿಡಿಸಿತು. ಆಮೇಲೆ ನಿಂತಿತು.

"ಮಾದೇವಿಗೆ ಹಲ್ನೋವು ಅಂದಾಗ ನಾ ಕೊಡ್ತಿದ್ನಲ್ಲಮ್ಮಿ."

ಈ ಮಾತು ಬರುತ್ತದೆಂದು ಗೊತ್ತಿತ್ತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅಂದಿದ್ದರೆ ಅವ್ವ ನಂಬುತ್ತಿದ್ದಳು. ನಂಬಿದ ಮೇಲೆ, ಮಗು ಜ್ವರದಲ್ಲಿ ನರಳುವ ಒಂದು ದಿನ, ನಾನಿಲ್ಲದ ಹೊತ್ತಿನಲ್ಲಿ, ಅರ್ಧ ಮಾತ್ರೆ ತಾನೇ ಅಂದುಕೊಳ್ಳುತ್ತಿದ್ದಳು.

"ಊ ಕಣವ್ವ. ಹುಟ್ಟಿಂದ ಬಂದಿದ್ದು ಒಂದು, ಮಾತ್ರೆ ಒಂದು. ಎರಡೂ ಸೇರ್ಕಬುಟ್ವು. ಯಾರ್ಗೂ ಗೊತ್ತಿರ್ಲಿಲ್ಲ. ನಾನೂ ದಿನಾ ತಿಂತಿದ್ದೆ."

ಅವಳು ಉಳಿದ ಕಾಯಿಯನ್ನೆಲ್ಲ ಬಿಡಿಸಿ, ಕಾಳು ತೊಳೆದು ಒಲೆ ಮೇಲಿಟ್ಟಳು. ಆಮೇಲೆ ಬಹಳ ದಿನ ನನ್ನೊಡನೆ ಬೇಕಾದಷ್ಟೇ ಮಾತು. ಮುದ್ದೆ ನನ್ನ ತಟ್ಟೆಗೆ ಹಾಕುವಳು, ತಾನು ಉಣ್ಣುವುದನ್ನು ನಾನು ನೋಡಲಿಲ್ಲ. ಹೇಳಬಾರದಿತ್ತು ಎಂದು ಡೇರಿಯಲ್ಲಿ ಹಾಲು ಅಳೆಯುವಾಗಲೆಲ್ಲ ಅನ್ನಿಸುತ್ತಿತ್ತು. ಮನೆಗೆ ಬಂದು ಮಗುವನ್ನು ನೋಡಿದರೆ ಹೇಳಲೇಬೇಕಿತ್ತು ಅನ್ನಿಸುತ್ತಿತ್ತು.

ಮೈಸೂರು

ಸಂಕ್ರಾಂತಿ ಕಳೆದು ಭಾಗ್ಯಳ ಆಪರೇಷನ್ ಆಯಿತು. ಮೊದಲು ಔಷಧಿ ಇಳಿಸಿದರು. ಡೇರಿಯ ಇಬ್ಬರು ಗಂಡಸರು ರಕ್ತ ಕೊಟ್ಟಿದ್ದರು, ಅದರ ಕಣಗಳನ್ನು ತಯಾರಾಗಿಟ್ಟಿದ್ದರು, ಸ್ವಲ್ಪ ಬಳಸಿದರು ಕೂಡ. ಸರ್ಜನ್ ಹೊರಗೆ ಬಂದು, "ನಿಂತಿದೆ" ಎಂದರು. ಒಂದೇ ಮಾತು.

ಸಂಜೆ ನಾನು ಫ್ಲಾಸ್ಕಿನಲ್ಲಿ ಬಿಸಿನೀರು ಹಿಡಿದುಕೊಂಡು ವಾರ್ಡಿಗೆ ಬಂದಾಗ, ನರ್ಸು ಚಮಚದಲ್ಲಿ ಮಾತ್ರೆ ಅರೆದು ಮಗುವಿನ ಮುಂದೆ ಹಿಡಿದಿದ್ದಳು. ಅವ್ವ ತನ್ನ ಅಂಗೈಯನ್ನು ಮಗುವಿನ ಬಾಯಿಗೆ ಅಡ್ಡ ಇಟ್ಟಿದ್ದಳು.

"ಯಾವ್ ಮಾತ್ರೆ ಕಣವ್ವ ಇದು?"

"ನೋವಿಂದು ಅಜ್ಜಿ. ಡಾಕ್ಟರೇ ಬರೆದಿರೋದು."

"ಬರ್ದಿರ್ಲಿ. ಎಸ್ರು ಏಳು."

ನರ್ಸು ಒಳ್ಳೆಯವಳು, ಸಿಟ್ಟಾಗಲಿಲ್ಲ. ಚಮಚ ಕೆಳಗಿಟ್ಟು, ಹಾಳೆ ತಿರುಗಿಸಿ ನೋಡಿ, "ಪ್ಯಾರಾಸಿಟಮಾಲ್" ಎಂದಳು.

"ಅದ್ರಲ್ಲಿ ಆಸ್ಪಿರಿನ್ ಇಲ್ವಾ?"

ಆ ಹೆಸರನ್ನು ನಾನು ಮನೆಯಲ್ಲಿ ಹೇಳಿದ್ದು ಒಂದೇ ಒಂದು ಸಲ, ಅವರೆಕಾಯಿ ಬಿಡಿಸುತ್ತಿದ್ದ ದಿನ.

"ಇಲ್ಲ ಅಜ್ಜಿ."

"ಇನ್ನೊಂದ್ಸಲ ನೋಡ್ಬುಟ್ಟು ಏಳವ್ವ."

ನರ್ಸು ಇನ್ನೊಮ್ಮೆ ನೋಡಿದಳು. ಇಲ್ಲ ಎಂದಳು. ಅವ್ವ ಕೈ ತೆಗೆದಳು.

"ಬಾಯಿ ತಗಿ ಕೂಸೆ."